ಮೈಕಕ್ಕನ ಹಲ್ಲಿನ ಗುರುತು ಪತ್ತೆ

ಬಾಯಿಂದ ಹೊರಬಂದ ಹಲ್ಲು ಅದೇ ಬಾಯಿಗೆ ಮರಳಬೇಕಾದರೆ ಅರ್ಜಿ ಕಡ್ಡಾಯ. ಇದು ದಂತಬ್ಯಾಂಕಿನ ನಿಯಮ ಒಂದು.

ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಹೊತ್ತನ್ನು ಮೈಕಿನಲ್ಲಿ ಸಾರುವ ಮೈಕಕ್ಕ ನಿಯಮಕ್ಕೆ ತಲೆಬಾಗಿ ಬೆಳಿಗ್ಗೆ ಎಂಟಕ್ಕೇ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದಿನ ಹಲ್ಲೊಂದನ್ನು ಕಿತ್ತು ಬ್ಯಾಂಕಿನಲ್ಲಿ ಇಟ್ಟಿದ್ದರು. ಅದನ್ನು ಪುಡಿಮಾಡಿ ಸವೆದ ದವಡೆಗೆ ತುಂಬಿದರೆ ಮೂಳೆ ಬೆಳೆಯುತ್ತದೆ, ಮೂಳೆ ಬೆಳೆದರೆ ಹೊಸ ಹಲ್ಲು ಕೂರುತ್ತದೆ, ಹಲ್ಲು ಕೂತರೆ ಅವಳ ಕೆಲಸ ಉಳಿಯುತ್ತದೆ. ಏಕೆಂದರೆ ಅವಳು "ಬಸ್ ಸಂಖ್ಯೆ ಆರು" ಎಂದಾಗಲೆಲ್ಲ ಸಂದಿಯಿಂದ ಸೀಟಿ ಹೊರಟು, ಕಂಡಕ್ಟರೇ ಊದಿದನೆಂದು ಡ್ರೈವರುಗಳು ಖಾಲಿ ಬಸ್ಸು ಬಿಟ್ಟುಬಿಡುತ್ತಿದ್ದರು. ಮೇಲಧಿಕಾರಿ ಒಂದು ತಿಂಗಳ ಗಡುವು ಕೊಟ್ಟಿದ್ದರು.

"ಹಲ್ಲು ನಿಮ್ದೇ ಅನ್ನೋದಕ್ಕೆ ದಾಖಲೆ?" ಗುಮಾಸ್ತ ಕೇಳಿದ.

ಮೈಕಕ್ಕ ಬಾಯಿ ತೆರೆದು ಸಂದಿ ತೋರಿಸಿದಳು.

"ಸಂದಿ ಯಾರ ಬಾಯಲ್ಲಿಲ್ಲ ತಾಯಿ? ಅದೇ ಬಾಯಿಯ ಇನ್ನೊಂದು ಹಲ್ಲಿನ ಜೊತೆ ತಾಳೆ ನೋಡ್ಬೇಕು."

"ನೋಡಪ್ಪ, ಪಕ್ಕದಲ್ಲೇ ಇದೆಯಲ್ಲ."

"ಯಂತ್ರದೊಳಗೆ ನೀವು ಹಿಡಿಸಲ್ಲ. ಬಿಡಿಯಾಗಿ ತನ್ನಿ."

ತಂದಳು. ತಾಳೆಯಾಯಿತು.

"ಈ ಎರಡನೇದು ನಿಮ್ದು ಅನ್ನೋದಕ್ಕೆ?" ಕೇಳುವುದು ಗುಮಾಸ್ತನ ಕರ್ತವ್ಯವಾಗಿತ್ತು, ಕೇಳಿದ.

ಮನೆಯಲ್ಲಿ ತಂಗಿ ರೇಗಿದಳು. "ಅಲ್ವೇ ಅಕ್ಕ, ಹಲ್ಲು ತರೋಕೆ ಹೋಗಿ ಹಲ್ಲು ಕೊಟ್ಟು ಬರ್ತೀಯಲ್ಲೇ! ಹಲ್ಲಿದ್ದಾಗ ಫೈಲಿಲ್ಲ, ಫೈಲಿದ್ದಾಗ ಹಲ್ಲಿಲ್ಲ ಅನ್ನೋ ಹಾಗಾಯ್ತು ನಿನ್ ಕಥೆ."

"ಸುಮ್ನಿರೇ, ಫೈಲು ಮುಂದೆ ಹೋಗ್ತಿದೆ," ಎಂದಳು ಮೈಕಕ್ಕ, ಆದಷ್ಟು ಸ್ಪಷ್ಟವಾಗಿ.

ಫೈಲಿನ ಹಿಂದೆಯೇ ಹಲ್ಲುಗಳೂ ಹೋದವು. ಮೂವತ್ತೆರಡನೆಯದರ ಗುರುತು ಹೇಳಲು ಬಾಯಲ್ಲಿ ಯಾರೂ ಉಳಿದಿರಲಿಲ್ಲ. ಆದ್ದರಿಂದ ಅಷ್ಟನ್ನೂ ವಾರಸುದಾರರಿಲ್ಲದ ಸ್ವತ್ತೆಂದು ಘೋಷಿಸಿ, ಪುಡಿಮಾಡಿ, ಬ್ಯಾಂಕಿನ ನಿರ್ದೇಶಕರ ದವಡೆಗೆ ತುಂಬಲಾಯಿತು. ಮಿಕ್ಕದ್ದನ್ನು ಅವರ ಹೊಸ ಹಲ್ಲುಗಳನ್ನು ದವಡೆಗೆ ಬಿಗಿಯುವ ಸ್ಕ್ರೂಗಳಿಗೆ ಲೇಪಿಸಲಾಯಿತು. ನಿರ್ದೇಶಕರು ಖುದ್ದಾಗಿ ಮೈಕಕ್ಕನನ್ನು ಕರೆಸಿ, ಬಾಯ್ತುಂಬ ನಕ್ಕು, ಸಹಕಾರಕ್ಕೆ ವಂದನೆ ತಿಳಿಸಿದರು. ಎಲ್ಲೋ ನೋಡಿದ ನಗುವೆಂದು ಅವಳಿಗೆ ಅನ್ನಿಸಿತು.

ಗಡುವಿನ ಕೊನೆಯ ದಿನ ಅವಳು ಎದೆ ಗಟ್ಟಿಮಾಡಿಕೊಂಡು ಮೈಕಿನ ಮುಂದೆ ಕೂತಳು. ಬಾಯಲ್ಲಿ ಹಲ್ಲೇ ಇಲ್ಲದ್ದರಿಂದ ಸೀಟಿಯೂ ಇರಲಿಲ್ಲ. ಅವಳು ಹೇಳಿದ್ದು ಒಬ್ಬರಿಗೂ ತಿಳಿಯಲಿಲ್ಲವಾದರೂ, ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವು.

"ಏನಂದ್ರು?" ಪ್ರಯಾಣಿಕನೊಬ್ಬ ಕೇಳಿದ.

"ಏನೋ ಅಂದ್ರು. ಹತ್ತಿ ಹತ್ತಿ," ಎಂದ ಕಂಡಕ್ಟರ್.

ಮೇಲಧಿಕಾರಿ ಬಹಳ ಸಂತೋಷಪಟ್ಟು ಅವಳ ಕೆಲಸ ಕಾಯಂ ಮಾಡಿದರು. ಎರಡನೇ ಮೈಕಿಗೂ ಜನ ಬೇಕೆಂಬ ಪ್ರಕಟಣೆ ಗೋಡೆಗೆ ಬಿತ್ತು: ಅಭ್ಯರ್ಥಿಗಳು ದಂತಬ್ಯಾಂಕಿನಲ್ಲಿ ಗುರುತು ಪತ್ತೆ ಪೂರ್ಣಗೊಳಿಸಿರತಕ್ಕದ್ದು.

ಮರುದಿನ ಎಂಟಕ್ಕೆಲ್ಲ ದಂತಬ್ಯಾಂಕಿನ ಸಾಲು ಬೀದಿ ಮುಟ್ಟಿತ್ತು. ಮೊದಲನೆಯವಳು ತಂಗಿ.