ಮೂರಕ್ಷರದ ಗೋಡೆ

‘ಗೊತ್ತಿಲ್ಲ’ ಎಂದು ಹೇಳಲು ಬೇರೆಯವರಿಗೆ ಒಂದು ಉಸಿರು ಸಾಕಾಗುತ್ತದೆ. ನನಗೆ ಮೂವತ್ತು ವರ್ಷವೂ ಸಾಲಲಿಲ್ಲ. ನಾನು ಬೋರ್ಡು ಬರೆಯುವವನು. ಗಬ್ಬೂರಿನ ಶಾಲೆಯನ್ನು ನಾಲ್ಕನೇ ಕ್ಲಾಸಿಗೆ ಬಿಟ್ಟು ರಾಯಚೂರಿಗೆ ಬಂದು ಕುಂಚ ಹಿಡಿದೆ. ಆಮೇಲೆ ದೇವದುರ್ಗದಿಂದ ಮಾನ್ವಿಯವರೆಗೆ ಎಷ್ಟೋ ಅಂಗಡಿಗಳ ಹಣೆಯ ಮೇಲೆ ಇಂಗ್ಲಿಷ್ ಬರೆದೆ. ಇಪ್ಪತ್ತಾರು ಅಕ್ಷರಗಳ ಹೆಸರೂ ನನಗೆ ಗೊತ್ತು. ಯಾವುದರ ಹೊಟ್ಟೆ ಎಷ್ಟು ಉಬ್ಬಬೇಕು, ಯಾವುದರ ಕಾಲು ಎಲ್ಲಿ ಊರಬೇಕು ಎಂಬುದೂ ಗೊತ್ತು. ಅವೆಲ್ಲ ಸೇರಿ ಏನು ಹೇಳುತ್ತವೆ ಎಂಬುದಷ್ಟೇ ಗೊತ್ತಿಲ್ಲ. ಕೆಲಸ ಕಲಿಸಿದ ಉಸ್ತಾದರು, “ಅಕ್ಷರ ಓದಬ್ಯಾಡಲೇ, ನೋಡು. ಓದಾಕ ನಿಂತ್ರ ಕೈ ನಡುಗ್ತದ” ಎನ್ನುತ್ತಿದ್ದರು. ಅವರ ಮಾತನ್ನು ನಾನು ಇಲ್ಲಿಯತನಕ ಮೀರಿಲ್ಲ. ಆದರೆ ಇಷ್ಟು ಚೆಂದ ಬರೆಯುವವನಿಗೆ ಓದಲೂ ಬರುತ್ತದೆ ಎಂದು ಜನ ತಾವೇ ತಿಳಿದುಕೊಂಡರು. ನಾನು ತಿದ್ದಲಿಲ್ಲ. ಒಂದನೇ ಕ್ಲಾಸಿನ ಮೊಮ್ಮಗಳು ಪಲ್ಲವಿಯಂತೂ, “ನಮ್ಮ ತಾತಗ ಊರಾಗಿನ ಇಂಗ್ಲಿಷೆಲ್ಲಾ ಬರ್ತದ” ಎಂದು ತನ್ನ ಶಾಲೆಯಲ್ಲಿ ಸಾರಿಬಿಟ್ಟಿದ್ದಳು.

ಫ್ಲೆಕ್ಸ್ ಬಂದ ಮೇಲೆ ನಮ್ಮ ಪಾಲಿಗೆ ಉಳಿದಿರುವುದು ಗೋಡೆಗಳೇ. ಅಂಥದ್ದೊಂದು ಗೋಡೆ ಮಾನ್ವಿಯಲ್ಲಿ ಸಿಕ್ಕಿತು. ಅಕ್ಕಿ ಗಿರಣಿಯ ಸಾವಕಾರರೊಬ್ಬರು ಹೊಸದಾಗಿ ಇಂಗ್ಲಿಷ್ ಶಾಲೆ ತೆಗೆದಿದ್ದರು. “ರಸ್ತಾದಾಗ ಹೋಗೋರಿಗೆ ಇಂಗ್ಲಿಷ್ ಕಾಣಬೇಕು ನೋಡ್ರಿ” ಎಂದರು. “ಒಳಗರೀ?” ಎಂದೆ. “ಒಳಗಿಂದು ಆಮ್ಯಾಲೆ ನೋಡೂಣು” ಎಂದು ಒಂದು ಚೀಟಿ ಕೈಗಿತ್ತರು. ಅದರಲ್ಲಿ ಮೂರಕ್ಷರದ ಹತ್ತು ಶಬ್ದಗಳಿದ್ದವು. “ಪ್ರತಿಯೊಂದರ ಬಾಜೂಕ ಅದರ ಚಿತ್ರ ಬರಬೇಕು. ಅರ್ಥ ಗೊತ್ತದಲ್ಲ?” ಎಂದು ಕೇಳಿದರು. “ಏನ್ರೀ ಸಾವಕಾರ್ರ, ನನಗ ಕೇಳ್ತೀರಿ?” ಎಂದೆ. ಇದು ಸುಳ್ಳಲ್ಲ, ಬರೀ ಪ್ರಶ್ನೆ. ಇಂಥ ಪ್ರಶ್ನೆಗಳ ಮೇಲೆಯೇ ನನ್ನ ಮಾನ ಇಷ್ಟು ವರ್ಷ ನಿಂತಿದೆ.

ಐದು ಶಬ್ದಗಳ ಬಾಲ ಎ ಟಿ, ಉಳಿದೈದರ ಬಾಲ ಐ ಜಿ. ನಮ್ಮ ಕಸುಬಿನಲ್ಲಿ ಒಂದೇ ಥರದ ಅಕ್ಷರಗಳನ್ನು ಒಂದೇ ಸಲಕ್ಕೆ ಮುಗಿಸುತ್ತೇವೆ. ಮೊದಲ ದಿನ ನೀಲಿಯಲ್ಲಿ ಬಾಲಗಳನ್ನಷ್ಟೇ ಬರೆದೆ, ಮರುದಿನ ಕೆಂಪಿನಲ್ಲಿ ತಲೆ ಇಟ್ಟೆ. ಈಗ ಅರ್ಥ ತಿಳಿದ ಮೇಲೆ ಅನ್ನಿಸುತ್ತದೆ, ಇಂಗ್ಲಿಷಿನವರು ಬಣ್ಣ ಉಳಿಸುವುದರಲ್ಲಿ ಗಟ್ಟಿಗರು. ಬೆಕ್ಕಿನ ಬಾಲವನ್ನೇ ಇಲಿಗೂ ಹಚ್ಚಿದ್ದಾರೆ, ಟೊಪ್ಪಿಗೆಗೂ ಹಚ್ಚಿದ್ದಾರೆ. ನಮ್ಮ ಕನ್ನಡದಲ್ಲಿ ಬೆಕ್ಕಿಗೂ ಇಲಿಗೂ ಒಂದಕ್ಷರದ ನಂಟೂ ಇಲ್ಲ. ವೈರಿಗಳು ವೈರಿಗಳ ಹಾಗೆ ದೂರ ಇದ್ದಾರೆ. ಇಂಗ್ಲಿಷಿನವರಲ್ಲಿ ಪಿ ತೆಗೆದು ಬಿ ಇಟ್ಟರೆ ಸಾಕು, ಹಂದಿ ಹೋಗಿ ‘ದೊಡ್ಡದು’ ಆಗುತ್ತದೆ. ಹಾಗೆ ದಿಢೀರನೆ ದೊಡ್ಡವರಾದವರನ್ನು ನಾನೂ ಕಂಡಿದ್ದೇನೆ. ಅವರ ಬೋರ್ಡುಗಳನ್ನು ಬರೆದವನೂ ನಾನೇ.

ಆದರೆ ಆ ದಿನ ನನಗೆ ಹಂದಿಯೂ ಗೊತ್ತಿರಲಿಲ್ಲ, ದೊಡ್ಡದೂ ಗೊತ್ತಿರಲಿಲ್ಲ. “ಅಕ್ಷರ ಒಣಗಬೇಕ್ರೀ, ಎರಡು ದಿನ ಬಿಟ್ಟು ಚಿತ್ರ” ಎಂದು ಹೇಳಿ ರಾಯಚೂರಿನ ಬಸ್ಸು ಹತ್ತಿದೆ. ಮನೆಯಲ್ಲಿ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳು ಶಾಲೆಯ ಮುಖ ಕಂಡವಳಲ್ಲ. ಆದರೆ ಪಲ್ಲವಿ ಪಾಠ ಒಪ್ಪಿಸುವಾಗ ದಿನವೂ ಎದುರಿಗೆ ಕೂತು ಕೂತು ಅವಳಿಗೂ ಎಲ್ಲ ಬಾಯಿಪಾಠವಾಗಿತ್ತು. ಪಲ್ಲವಿ ಪಕ್ಕದ ಮನೆಗೆ ಆಡಲು ಹೋಗಿದ್ದ ಹೊತ್ತು ನೋಡಿ ಶುರು ಮಾಡಿದೆ.

“ಶರಣಮ್ಮ, ದಿನಾ ಆ ಹುಡುಗಿ ಮುಂದ ಕುಂದರ್ತಿ. ತಲಿಯಾಗ ಏನರ ಉಳಿದದೋ ಇಲ್ಲೋ ನೋಡೂಣು. ಸಿ ಎ ಟಿ?”

“ಕ್ಯಾಟ್. ಬೆಕ್ಕು.” ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

“ಶಭಾಷ್. ಪಿ ಐ ಜಿ?”

“ಪಿಗ್. ಹಂದಿ.”

ಹೀಗೆ ಒಂಬತ್ತಾದವು. “ಎಫ್ ಐ ಜಿ?” ಎಂದೆ. ಈಗ ಅವಳ ಕೈ ನಿಂತಿತು. ಒಮ್ಮೆ ನನ್ನ ಮುಖ ನೋಡಿದಳು.

“ಫಿಗ್. ಮೊಸಳಿ.”

“ಶಭಾಷ್! ಹತ್ತಕ್ಕ ಹತ್ತು!” ಎಂದು ಮೇಷ್ಟರ ಗತ್ತಿನಲ್ಲಿ ಎದ್ದೆ.

ಹತ್ತು ಚಿತ್ರಗಳಲ್ಲಿ ನಾನು ಮನಸ್ಸಿಟ್ಟು ಬರೆದದ್ದು ಮೊಸಳೆಯನ್ನೇ. ದೇವದುರ್ಗದ ಕಡೆ ಕೃಷ್ಣಾ ದಂಡೆಯಲ್ಲಿ ಅವು ಬಿಸಿಲಿಗೆ ಬಾಯಿ ತೆರೆದು ಮಲಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೋಡೆಯ ಉದ್ಘಾಟನೆಗೆ ಹೆಂಡತಿಯನ್ನೂ ಮೊಮ್ಮಗಳನ್ನೂ ಹೆಮ್ಮೆಯಿಂದ ಮಾನ್ವಿಗೆ ಕರೆದೊಯ್ದೆ. ಸಾವಕಾರರು ಕಾಯಿ ಒಡೆದು, “ಏ ಭಾಳ ಛಲೋ! ಈ ಮೊಸಳಿ ನೋಡ್ರಿ, ಎದ್ದು ಬಂದು ಹಿಡಿಯಂಗದ! ದೇವದುರ್ಗದಾಗ ತೆಗೆಯೋ ಸಾಲಿ ಗ್ವಾಡಿನೂ ನಿಮಗಽ” ಎಂದರು. ಇಬ್ಬರು ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಾವಕಾರರ ಮುಖ ನೋಡಿ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಪಲ್ಲವಿ ಗೋಡೆ ಓದುತ್ತ ಆ ತುದಿಗೆ ಬಂದಿದ್ದಳು. “ಎಫ್ ಐ ಜಿ ಫಿಗ್, ಫಿಗ್ ಅಂದ್ರ ಅಂಜೂರ. ತಾತಾ, ಅಂಜೂರ ಎಲ್ಲದ?”

ಟೀಚರುಗಳು ನೆಲ ನೋಡಿದರು. ಶರಣಮ್ಮ ನನ್ನ ಕಿವಿಯ ಹತ್ತಿರ ಬಂದಳು. “ಅವತ್ತು ಬೇಕಂತನ ತಪ್ಪು ಹೇಳಿದ್ದೆ. ಪರೀಕ್ಷಾ ಮಾಡೋರಿಗೆ ಬರ್ತದೋ ಇಲ್ಲೋ ನೋಡೂಣಂತ. ಗ್ವಾಡಿ ಮ್ಯಾಲೆ ಬರೀತೀರಿ ಅಂತ ನನಗೇನ್ ಗೊತ್ತು?”

ನನ್ನ ಸಹಿ ಆ ಮೊಸಳೆಯ ಹೊಟ್ಟೆಯ ಕೆಳಗೇ ಇತ್ತು. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು.

“ಅಂಜೂರ ಮೊಸಳಿ ಬಾಯಾಗ ಬರ್ತದವ್ವಾ. ಅದಕ್ಕ ಅದು ಬಾಯಿ ತಗದದ. ಆ ಬಣ್ಣ ಕೊನಿಗೆ ಹಚ್ಚೋದು” ಎಂದೆ.

“ನಾನು ಆಗಲೇ ಅನ್ಕೊಂಡೆ! ಸುಮ್ಮ ಸುಮ್ಮನ ಬಾಯಿ ತಗದಿರಂಗಿಲ್ಲ!” ಎಂದರು ಸಾವಕಾರರು. ಟೀಚರುಗಳು ಮತ್ತೆ ಚಪ್ಪಾಳೆ ತಟ್ಟಿದರು, ಈ ಸಲ ಇನ್ನೂ ಜೋರಾಗಿ.

ಕುಂಚ ಹಿಡಿದು ನಿಂತೆ. ಅಂಜೂರ ಎಂದರೆ ಕಿರಾಣಿ ಅಂಗಡಿಯಲ್ಲಿ ಒಣಗಿ, ಚಪ್ಪಟೆಯಾಗಿ, ದಾರಕ್ಕೆ ಪೋಣಿಸಿಕೊಂಡು ತೂಗುವುದನ್ನು ಬಿಟ್ಟರೆ ನಾನು ಕಂಡೇ ಇರಲಿಲ್ಲ. ಮೊಮ್ಮಗಳ ಪುಸ್ತಕದ ಚಿತ್ರ ದಿನವೂ ನೋಡುವವಳು ಒಬ್ಬಳೇ ಇದ್ದಳು. ಮೆಲ್ಲಗೆ ಕೇಳಿದೆ: “ಹಸಿ ಅಂಜೂರ ಹೆಂಗಿರ್ತದ?”

ಶರಣಮ್ಮ ಸೆರಗು ಸರಿಮಾಡಿಕೊಂಡಳು. “ಪರೀಕ್ಷಾ ಮಾಡಾಕತ್ತೀರೋ, ಕೇಳಾಕತ್ತೀರೋ?”

“ಕೇಳಾಕತ್ತೀನಿ.”

ಅವಳು ಹೇಳಿದಳು, ನಾನು ಬರೆದೆ. ಬುಡ ದುಂಡಗೆ, ಮೇಲೆ ಸಣ್ಣ ಕುತ್ತಿಗೆ, ಬದನೆಕಾಯಿಯ ಬಣ್ಣ. ಅದು ನಿಜವಾಗಿಯೂ ಅಂಜೂರವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾನ್ವಿಯಲ್ಲಿ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ಆದರೆ ಅವರು ಮೊಸಳೆಯ ಮೇಲೂ ತೆಗೆದಿರಲಿಲ್ಲವಲ್ಲ.