ಕೆಂಪು ನೀರಿನ ಉಪವಾಸ

ಮನೆಯೊಡತಿ ಚಿಕ್ಕಮುನಿಯಮ್ಮನಿಗೆ ನಿಜ ಹೇಳಿದ್ದೇ ಅಮರಪ್ಪ ಮಾಡಿದ ತಪ್ಪು.

ಅವನು ತಾತ್ಕಾಲಿಕ ಸಹಾಯಕನಾಗಿದ್ದ ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಿನಲ್ಲಿ ವೈರಿಂಗ್ ರಿಪೇರಿ ನಡೆದಿತ್ತು. ಹಾಗಾಗಿ ಲ್ಯಾಬಿನ ಮುಖ್ಯಸ್ಥೆ ಶ್ಯಾಮಲಾ ಮೇಡಂ ಒಂದು ಪುಟ್ಟ ಬಾಟಲಿಯನ್ನು ಒಂದು ದಿನದ ಮಟ್ಟಿಗೆ ಹೆಬ್ಬಗೋಡಿಯ ಅವನ ಬಾಡಿಗೆ ಕೋಣೆಗೆ ಕಳಿಸಿದ್ದರು. ಒಳಗೆ ಕಡು ಉಪ್ಪಿನ ಕೆಂಪು ನೀರು. ಆ ಕೆಂಪು, ಉಪ್ಪಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. ತಿಂಗಳುಗಟ್ಟಲೆ ಅವುಗಳಿಗೆ ಆಹಾರ ಕೊಟ್ಟಿರಲಿಲ್ಲ. ಈ ಉಪವಾಸವನ್ನು ಗೆದ್ದು ಅವು ಬದುಕಿದ್ದರೆ ಅಮರಪ್ಪನ ಕೆಲಸ ಕಾಯಂ. ಹಸಿವು, ಬಿಸಿಲು ಎಲ್ಲವನ್ನೂ ತಡೆಯುವ ಗಟ್ಟಿಪಿಂಡಗಳು ಅವು. ಸಿಹಿನೀರು ಬೆರೆತರೆ ಮಾತ್ರ ಒಡೆದು ಸಾಯುತ್ತವೆ.

“ಜೀವ ಐತೆ ಅಂತೀಯ, ಕೂಳು ಆಕಲ್ಲ ಅಂತೀಯ. ನನ್ ವಠಾರದಾಗೆ ಇಂಗೆಲ್ಲ ನಡೆಯಾಕಿಲ್ಲ ಕಣಪ್ಪ” ಎಂದು ಚಿಕ್ಕಮುನಿಯಮ್ಮ ರಾಗಿ ಗಂಜಿ ತಂದಳು. ಪಕ್ಕದ ಕೋಣೆಯ ದುರ್ಗವ್ವ, ಅವನ ರಾಯಚೂರಿನ ಕಡೆಯವಳೇ, ಪುಣ್ಯ ಬರುತ್ತದೆಂದು ಬೆಲ್ಲದ ಚೂರು ಹಿಡಿದು ನಿಂತಳು. ಅಮರಪ್ಪ ಕಾವು ಕೂತ ಕೋಳಿಯಂತೆ ಬಾಟಲಿಯನ್ನು ಬಿಟ್ಟೇಳಲಿಲ್ಲ. ಈ ಕಾವಲಿನಲ್ಲಿ ಅವನ ತಿಂಡಿಯೂ ತಪ್ಪಿತು.

ಮಧ್ಯಾಹ್ನ ಮೇಡಂ ಫೋನ್ ಮಾಡಿ, ಕರೆಂಟ್ ಬಂದಿದೆ, ಸದ್ಯಕ್ಕೆ ನಾಲ್ಕು ಹನಿ ತನ್ನಿ, ಬಾಟಲಿ ನಾಳೆ ತಂದರಾಯಿತು ಎಂದರು. ಬಾಟಲಿಗೆ ಒಂದಗುಳೂ ಹಾಕುವುದಿಲ್ಲವೆಂದು ಚಿಕ್ಕಮುನಿಯಮ್ಮನಿಂದ ಆಣೆ ಮಾಡಿಸಿಯೇ ಅವನು ಹೊರಟ.

ಮೈಕ್ರೋಸ್ಕೋಪಿನಲ್ಲಿ ಜೀವಿಗಳು ಜೀವಂತವಾಗಿದ್ದವು. “ಸಕ್ಕತ್ ಅಮರಪ್ಪ! ನಾಳೆ ಬಾಟ್ಲಿ ತನ್ನಿ, ಪೂರ್ತಿ ಟೆಸ್ಟ್ ಮಾಡಿ ಕಾಯಂ ಆರ್ಡರ್ ಕೊಟ್ಬಿಡ್ತೀನಿ” ಎಂದರು ಮೇಡಂ. ಸಂತೋಷ ತಡೆಯಲಾರದೆ ಅವನು ಅಲ್ಲಿಂದಲೇ ಚಿಕ್ಕಮುನಿಯಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದ.

ಸಂಜೆ ಬಂದಾಗ ಚಿಕ್ಕಮುನಿಯಮ್ಮ ಆರತಿ ತಟ್ಟೆ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದಳು. ವಠಾರದವರ ಕಣ್ಣು ಬಿದ್ದೀತೆಂದು ದೃಷ್ಟಿ ತೆಗೆದು, ಹಣೆಗೆ ಬೊಟ್ಟಿಟ್ಟು, ತಟ್ಟೆಯ ಕೆಂಪು ನೀರನ್ನು ರಸ್ತೆಗೆ ಚೆಲ್ಲಿದಳು. ಹೆತ್ತ ತಾಯಿಯೇ ನೆನಪಾಗಿ ಅಮರಪ್ಪನ ಕಣ್ಣು ತುಂಬಿತು. ಕೋಣೆಗೆ ಹೋಗಿ ನೋಡಿದರೆ ಬಾಟಲಿ ಖಾಲಿ.

“ಅರಿಸಿನ ಸುಣ್ಣ ಕಲಸಾಕೆ ಒತ್ತೆಲ್ಲಿತ್ತು? ನಿನ್ ಬಾಟ್ಲಿಯಾಗೇ ಕೆಂಪ್ನೀರು ಇತ್ತಲ್ಲ, ಉಪ್ಪೂ ಐತೆ, ದಿಷ್ಟಿಗೆ ಬಲು ಒಳ್ಳೇದು” ಎಂದಳು ಚಿಕ್ಕಮುನಿಯಮ್ಮ. “ತಟ್ಟೆ ತುಂಬ್ಲಿ ಅಂತ ಒಂದ್ ಲೋಟ ನಲ್ಲಿ ನೀರು ಬೆರೆಸ್ದೆ, ಅಷ್ಟೇಯ. ನಿನ್ನಾಣೆ, ಒಂದಗುಳೂ ಆಕಿಲ್ಲ.”

ಅಮರಪ್ಪ ಖಾಲಿ ಬಾಟಲಿ ಹಿಡಿದು ಹೊಸ್ತಿಲ ಮೇಲೆ ಕೂತ. ಆಕೆ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟಳು. ಬೆಳಗಿನಿಂದ ಹಸಿದಿದ್ದವನು ಉಂಡ. ಸಾರು ಬಹಳ ಚೆನ್ನಾಗಿತ್ತು. ಅವನ ಕಾಯಂ ಕೆಲಸಕ್ಕೆ ಇನ್ನು ಯಾರ ಕಣ್ಣೂ ತಾಗುವಂತಿರಲಿಲ್ಲ.