ರಾಕೆಟ್ಟಿಗೆ ಹೊದಿಸಿದ ಕೌದಿ

ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನಂಥ ಸಾದಾ ಮನುಷ್ಯನ ಮೇಲೇ ಇಂಥವೆಲ್ಲ ಯಾಕೆ ಬಂದು ಬೀಳುತ್ತವೋ ಗೊತ್ತಿಲ್ಲ. ನಮ್ಮ ದೇಶದ ರಾಕೆಟ್ಟು ಆಕಾಶಕ್ಕೆ ಹೋದದ್ದು ನನ್ನಿಂದ. ವಿಜ್ಞಾನಿಗಳದ್ದೂ ಸ್ವಲ್ಪ ಪಾಲಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

೧. ಗೀರು

ತೊಂಬತ್ತರ ದಶಕದ ಕೊನೆಗೆ ನಾನು ಗೋಕಾಕ ಹತ್ತಿರದ ಕೊಣ್ಣೂರಿನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದೆ. ಕಬ್ಬಿನ ಗಾಣದ ಬಿಡಿಭಾಗ ಮಾಡಿಕೊಂಡಿದ್ದ ನಮಗೆ, ಹೇಗೋ ಏನೋ, ರಾಕೆಟ್ಟಿನೊಳಗೆ ಕೂಡಿಸುವ ಅಲ್ಯುಮಿನಿಯಂ ಉಂಗುರಗಳ ಆರ್ಡರು ಬಂತು. ಉಂಗುರ ಅಂದರೆ ಬೆರಳಿನದ್ದಲ್ಲ, ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲ, ಕನ್ನಡಿಯಂಥ ಹೊಳಪು. ಕೂದಲೆಳೆಯಷ್ಟು ಗೀರು ಬಿದ್ದರೂ ವಾಪಸ್. ಹುಲ್ಲು ತುಂಬಿ ಕಳಿಸಿದ ಎರಡು ಉಂಗುರ ರಸ್ತೆಯ ತೆಗ್ಗುಗಳ ಸಹಿ ಹಾಕಿಸಿಕೊಂಡು ತಿರುಗಿ ಬಂದವು.

ಮಾಲಕರು ಜೈನರು, ಇರುವೆಯ ಮೇಲೂ ಸಿಟ್ಟು ಮಾಡದವರು. ಅಂಥವರು ನನ್ನನ್ನು ಕರೆದು, "ಮೂರನೇದೂ ತಿರುಗಿ ಬಂದ್ರ ಆರ್ಡರ್ ಹೋಗತೈತಿ. ಅದರ ಬೆನ್ನಿಗೆ ನೀನೂ ಮನಿಗೆ ಹೋಗು" ಅಂದರು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಬಿಟ್ಟರೆ ನನಗೆ ಬರುತ್ತಿದ್ದದ್ದು ಮಾತು ಒಂದೇ.

"ಥರ್ಮಾಕೋಲ್ ತರಸ್ರಿ, ಧಣಿ."

"ಗಣಪತಿ ಹಬ್ಬ ಮುಗದೈತಲ್ಲೋ. ಈಗೆಲ್ಲಿ ಸಿಗತೈತಿ ಅದು?"

ಹೀಗೆ ದೇಶದ ಬಾಹ್ಯಾಕಾಶ ಯೋಜನೆ ಮುಂದಿನ ಚೌತಿಯ ತನಕ ನಿಂತುಹೋಗುವ ಹೊತ್ತು ಬಂತು.

೨. ಹಪ್ಪಳ

ಹೆಂಡತಿ ತವರುಮನೆ ಹುಕ್ಕೇರಿಗೆ ಹೋಗಿದ್ದಳು. ಟ್ರಂಕಿನಲ್ಲಿ ಅವಳ ಕೌದಿ ಕಣ್ಣಿಗೆ ಬಿತ್ತು. ಹಳೆಯ ಸೀರೆಗಳ ತುಂಡು ಪದರು ಪದರಾಗಿ ಕೂಡಿಸಿ ಅವಳ ಅವ್ವ, ಅಂದರೆ ನಮ್ಮತ್ತೆ, ಮಗಳ ಮದುವೆಗೆ ಹೊಲಿದದ್ದು. ಎಮ್ಮೆ ತೊಗಲಿನಷ್ಟು ದಪ್ಪ, ಬೆಕ್ಕಿನ ಮೈಯಷ್ಟು ಮೆತ್ತಗೆ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಇದರಲ್ಲಿ ಸುತ್ತಿದರೆ ಗೀರು ಹೇಗೆ ಬೀಳುತ್ತದೆ?

ಆದರೆ ಪರೀಕ್ಷೆ ಮಾಡದೆ ಮುಂದಿನ ಹೆಜ್ಜೆ ಇಡುವವನಲ್ಲ ನಾನು. ಕೋಳಿತತ್ತಿ ಇಟ್ಟು ನೋಡಿದರೆ ಮಾಲಕರು ಆಮೇಲೆ ಆ ಪೆಟ್ಟಿಗೆ ಮುಟ್ಟುವುದಿಲ್ಲ. ಅದಕ್ಕೇ ನಲವತ್ತು ಹಪ್ಪಳ ಕೌದಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಮೊಳೆ ಹೊಡೆದು, ತಂಗಿಯ ಊರು ಮೂಡಲಗಿಯ ಬಸ್ಸು ಹತ್ತಿದೆ.

"ಏನೈತ್ರಿ ಇದರಾಗ?" ಅಂದ ಕಂಡಕ್ಟರ್.

"ರಾಕೆಟ್ ಸಾಮಾನು."

"ಮ್ಯಾಲ ಹೋಗೋ ಸಾಮಾನಾದ್ರ ಟಾಪಿನ ಮ್ಯಾಲ ಹಾಕ್ರಿ. ಲಗೇಜ್ ತಿಕೀಟ್ ತಗೋರಿ."

ಮೂಡಲಗಿಯಲ್ಲಿ ತಂಗಿಯ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ನಲವತ್ತಕ್ಕೆ ನಲವತ್ತೂ ಹುಣ್ಣಿಮೆ ಚಂದ್ರನಂತೆ ಇಡಿಯಾಗಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ತಂಗಿ ಅವನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಅಣ್ಣಾ, ಇಷ್ಟ್ ದೂರ ಹಪ್ಪಳ ಹೊತ್ತು ತಂದಿ. ಜೋಡೀಲೆ ಎಣ್ಣಿನೂ ತರಬಾರದಿತ್ತೇನು?"

೩. ಅಪರಿಚಿತ ವಸ್ತು

ಮೂರನೇ ಉಂಗುರ ಕೌದಿ ಹೊದ್ದುಕೊಂಡು ಹೋಯಿತು. ಹೆಂಡತಿ ಬಂದವಳೇ ಟ್ರಂಕು ತೆರೆದಳು.

"ನನ್ನ ಕೌದಿ ಎಲ್ಲಿ?"

"ರಾಕೆಟ್ ಸಾಮಾನಿಗೆ ಸುತ್ತಿ ಕಳಿಸೇನಿ."

"ಯಾಕ, ಅದಕ್ಕೇನು ಥಂಡಿ ಹತ್ತಿತ್ತೇನು?"

ಇಪ್ಪತ್ತು ದಿನ ಸುದ್ದಿಯಿಲ್ಲ. ಆಮೇಲೆ ರಾಕೆಟ್ಟಿನವರಿಂದ ಒಂದು ಪತ್ರ ಬಂತು. ಮಾಲಕರು ಓದಿದರು: ಪೆಟ್ಟಿಗೆಯ ಹೊದಿಕೆಯೊಳಗೆ ಅಪರಿಚಿತ ವಸ್ತುವೊಂದು ಸಿಕ್ಕಿದೆ, ಒಣಗಿದೆ, ಅಂಗೈಯಷ್ಟಿದೆ, ಗುರುವಾರ ನಾವೇ ಬರುತ್ತೇವೆ, ಪ್ಯಾಕ್ ಮಾಡಿದವರು ಹಾಜರಿರಬೇಕು. ಓದಿ ಮುಗಿಸಿ ನನ್ನ ಕಡೆ ನೋಡಲೇ ಇಲ್ಲ.

ಮನೆಯಲ್ಲಿ ಹೇಳಿದೆ. ಹೆಂಡತಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ, ಅದು ನಮ್ಮವ್ವ ಇಟ್ಟ ರೊಟ್ಟಿ!"

ನಮ್ಮ ಕಡೆ ಕೆಲವು ಹೆಂಗಸರು ಕೌದಿಯ ಕೊನೆಯ ತುಂಡು ಹೊಲಿಯುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರ ಹೊಟ್ಟೆಯೂ ಖಾಲಿ ಇರಬಾರದು ಅಂತ. ಇದನ್ನು ರಾಕೆಟ್ಟಿನವರಿಗೆ ಯಾರು ತಿಳಿಸಿ ಹೇಳಬೇಕು?

"ಕೆಲಸ ಹೋತು" ಅಂದೆ.

ಅವಳು ಎದ್ದು ನನ್ನ ಬಿಳಿ ಅಂಗಿ ಹುಡುಕಿ ತೆಗೆದಳು.

"ಹೋಗೋ ಕೆಲಸ ಇಸ್ತ್ರಿ ಮಾಡಿದ ಅಂಗ್ಯಾಗರ ಹೋಗ್ಲಿ."

೪. ಗುರುವಾರ

ವರ್ಕ್‌ಶಾಪಿನಲ್ಲಿ ಸಾಲಾಗಿ ಕುರ್ಚಿ ಹಾಕಿದ್ದರು. ಮಷಿನ್ನು ಬಂದ್ ಮಾಡಿ ಎಲ್ಲರನ್ನೂ ಕೂಡಿಸಿದ್ದರು. ಒಬ್ಬನ ಕೆಲಸ ಕಳೆಯುವುದಕ್ಕೆ ಇಷ್ಟು ಖರ್ಚು ಯಾಕೆ ಅನಿಸಿತು. ಬೆಂಗಳೂರಿನಿಂದ ಬಂದಿದ್ದ ನರೆತ ಕೂದಲಿನ ಮೇಡಂ ಎದ್ದು, "ಪ್ಯಾಕ್ ಮಾಡಿದವರು ಯಾರು?" ಅಂದರು.

ಅವರು ಮುಂದೆ ಬಾಯಿ ತೆರೆಯುವ ಮುಂಚೆಯೇ ನಾನು ಕೈ ಮುಗಿದೆ.

"ತಪ್ಪಾತ್ರಿ ಮೇಡಂ. ಆದ್ರ ರೊಟ್ಟಿ ಇಟ್ಟಾಕಿ ನಾ ಅಲ್ರಿ, ನಮ್ಮತ್ತಿ. ಅಕಿ ಸತ್ತು ಆರು ವರ್ಷ ಆತು. ವಿಚಾರಣೆಗೆ ಕರಸಾಕ ಆಗಂಗಿಲ್ಲರಿ."

ಮೇಡಂ ನಗಲಿಲ್ಲ. "ಅದು ರೊಟ್ಟಿಯಾ? ನಮ್ಮ ಮೂವರು ವಿಜ್ಞಾನಿಗಳು ಮೂರು ದಿನ ಪರೀಕ್ಷೆ ಮಾಡಿ, 'ಸಸ್ಯಮೂಲ, ಹಳೆಯದು, ಅಪಾಯಕಾರಿಯಲ್ಲ' ಅಂತ ಬರೆದಿದ್ದಾರೆ" ಅಂದರು. ಆಮೇಲೆ ಒಂದು ಕಾಗದ ನನ್ನ ಮುಂದೆ ಹಿಡಿದರು.

"ಸಹಿ ಎಲ್ಲಿ ಮಾಡ್ಲಿರಿ?" ಅಂದೆ. ರಾಜೀನಾಮೆಗೆ ಇಷ್ಟು ಚಂದದ ಬಂಗಾರದ ಅಂಚು ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಸಹಿ ನಮ್ಮದು. ನೀವು ತಗೊಳ್ಳಿ. ಎಷ್ಟೋ ಊರುಗಳಿಂದ ಬಂದ ಸಾಮಾನಿನಲ್ಲಿ ಒಂದು ಗೀರೂ ಇಲ್ಲದೆ ಬಂದದ್ದು ನಿಮ್ಮದೊಂದೇ."

ಅದು ಪ್ರಶಸ್ತಿ ಪತ್ರ. ಮಾಲಕರಿಗೆ ಮೊದಲೇ ಗೊತ್ತಿತ್ತಂತೆ, ಪತ್ರದ ಕೊನೆಗೆ ಬರೆದಿದ್ದ ಅದನ್ನು ಓದದೆ ಬಿಟ್ಟಿದ್ದರಂತೆ. ಮುಖ ನೋಡಿದರೆ ನಗು ಬರುತ್ತದೆಂದು ನನ್ನ ಕಡೆ ನೋಡಿರಲಿಲ್ಲವಂತೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಮೇಡಂ ಪೆನ್ನು ತೆಗೆದು, ಎಲ್ಲರ ಮುಂದೆ ನನ್ನನ್ನೇ ಕೇಳಿ, ನನ್ನ ಹೆಸರನ್ನು ದುಂಡಗೆ ಬರೆದರು. ಚಪ್ಪಾಳೆಗೆ ಚಾವಣಿಯ ಪತ್ರಾಸಿನ ತಗಡಿನ ಮೇಲಿನ ಪಾರಿವಾಳಗಳು ಹಾರಿಹೋದವು.

ಇಷ್ಟು ಹೇಳಿದ ಮೇಲೆ ಒಂದು ಸಣ್ಣ ಮಾತು ಒಪ್ಪಿಕೊಳ್ಳಬೇಕು. ಮೇಡಂ "ಯಾರ ಹೆಸರು ಬರೆಯಲಿ?" ಅಂದಾಗ ನನ್ನ ಬಾಯಿಂದ ಬಂದದ್ದು ನನ್ನ ಹೆಸರಲ್ಲ, ಅತ್ತೆಯದು. ಒಂದೊಂದು ಹೊಲಿಗೆಯೂ ಆಕೆಯದಾಗಿರುವಾಗ ಬೇರೆ ಹೆಸರು ನಾಲಿಗೆಗೆ ಬರಲಿಲ್ಲ. ಅದೇ ಪತ್ರ ನಮ್ಮ ಗೋಡೆಯ ಮೇಲೆ ತೂಗುತ್ತಿದೆ. ಮನೆಗೆ ಯಾರೇ ಬಂದರೂ ನಾನು ಆ ಗೋಡೆಗೇ ಒರಗಿ ಕೂತು ಈ ಕಥೆ ಹೇಳುತ್ತೇನೆ. ಹೆಸರಿರುವ ಸಾಲು ಸರಿಯಾಗಿ ನನ್ನ ತಲೆಯ ಹಿಂದೆ ಬರುತ್ತದೆ.